ಒತ್ತೆಹಣ ಅಂದ್ರೆ ಯಾವುದು, ಯಾವುದಲ್ಲ

ಪೇಪರಿನಲ್ಲಿ 'ಒತ್ತೆಹಣ' ಅಂತ ಬರೆಯುತ್ತಾರೆ. ನಮ್ಮ ಬೀದರ್ ಕಡೆ ಮಾತಿನಲ್ಲಿ ಈ ಪದ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಹಿಂದಿ ಚಾನೆಲ್ ನೋಡುವವರು ಫಿರೋತಿ ಅನ್ನುತ್ತಾರೆ, ಭಾಲ್ಕಿ, ಔರಾದ್ ಕಡೆಯ ಮರಾಠಿ ಮನೆಗಳಲ್ಲಿ ಖಂಡಣಿ ಅನ್ನುತ್ತಾರೆ, ಹುಡುಗರು ನೇರವಾಗಿ ರ್‍ಯಾನ್ಸಮ್ ಅಂದುಬಿಡುತ್ತಾರೆ. ಹೆಸರು ಯಾವುದಾದರೂ ಇರಲಿ. ತೊಂದರೆ ಏನೆಂದರೆ ಹಫ್ತಾ, ಲಂಚ, ಬ್ಲ್ಯಾಕ್‌ಮೇಲ್, ಒತ್ತೆಹಣ ಎಲ್ಲವನ್ನೂ ನಾವು ಒಂದೇ ಅನ್ನೋ ಹಾಗೆ ಬಳಸುತ್ತೇವೆ. ಇವುಗಳ ನಡುವೆ ಇರುವ ಫರಕು ಗೊತ್ತಿಲ್ಲದಿದ್ದರೆ, ಒಂದು ದಿನ ಅಂಥ ಫೋನ್ ಬಂದಾಗ ಏನು ಕೇಳಬೇಕು, ಯಾರಿಗೆ ಹೇಳಬೇಕು ಅಂತ ತೋಚುವುದೇ ಇಲ್ಲ. ಇತ್ತೀಚೆಗೆ ಅಂಥ ಫೋನ್‌ಗಳು ಜಾಸ್ತಿ ಬರುತ್ತಿವೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಒತ್ತೆ ಅಂದರೆ ಅಡವು. ಸರಾಫ್ ಅಂಗಡಿಯಲ್ಲಿ ಬಂಗಾರ ಗಿರವಿ ಇಡುತ್ತೀರಲ್ವಾ, ಅದರ ಹಾಗೇ ಇಲ್ಲೂ ನಿಮ್ಮದೊಂದು ವಸ್ತು ಇನ್ನೊಬ್ಬರ ಕೈಯಲ್ಲಿರುತ್ತದೆ, ದುಡ್ಡು ಕೊಟ್ಟರೆ ವಾಪಸ್ ಬರುತ್ತದೆ. ಆದರೆ ಗಿರವಿಯನ್ನು ನೀವೇ ಹೋಗಿ ಇಟ್ಟಿರುತ್ತೀರಿ, ಚೀಟಿ ಇರುತ್ತದೆ, ಅಂಗಡಿಯವನು ಕೊಡದಿದ್ದರೆ ಕೇಳಲು ಕಾನೂನು ಇರುತ್ತದೆ. ಒತ್ತೆಹಣದಲ್ಲಿ ಇದ್ಯಾವುದೂ ಇಲ್ಲ. ನಿಮ್ಮ ಮಗನನ್ನೋ, ಅಣ್ಣನನ್ನೋ, ಅಂಗಡಿಯ ಲೆಕ್ಕದ ಫೈಲುಗಳನ್ನೋ ಯಾರೋ ಕಿತ್ತುಕೊಂಡಿರುತ್ತಾರೆ.

ಇದರಲ್ಲಿ ಮೂರು ಸಂಗತಿ ಸೇರಿರಬೇಕು. ನಿಮಗೆ ಬೇಕಾದ ಒಂದು ಜೀವ ಅಥವಾ ವಸ್ತು ಅವರ ಕೈಯಲ್ಲಿ ಇರಬೇಕು. ಕೊಡದಿದ್ದರೆ ಅದಕ್ಕೆ ಕೇಡು ಅನ್ನೋ ಬೆದರಿಕೆ ಇರಬೇಕು. ಕೊಟ್ಟರೆ ಬಿಡುತ್ತೇವೆ ಅನ್ನೋ ಮಾತು ಇರಬೇಕು. ಈ ಮೂರನೆಯದನ್ನು ಜನ ಗಮನಿಸುವುದಿಲ್ಲ. ಒತ್ತೆಹಣ ಕೊಡುವವರು ನಿಜವಾಗಿ ಕೊಂಡುಕೊಳ್ಳುವುದು ಒಂದು ಮಾತನ್ನು, ಅದೂ ಈಗಾಗಲೇ ಅಪರಾಧ ಮಾಡಿದವನ ಮಾತನ್ನು.

ಈಗ ಉಳಿದವನ್ನು ಇದಕ್ಕೆ ಹಚ್ಚಿ ನೋಡಿ. ಹಫ್ತಾ ಕೇಳುವವನ ಕೈಯಲ್ಲಿ ನಿಮ್ಮದೇನೂ ಇರುವುದಿಲ್ಲ, ಅಂಗಡಿ ನಡೆಸಬೇಕಾದರೆ ತಿಂಗಳಿಗೆ ಇಷ್ಟು ಕೊಡು, ಇಲ್ಲಾಂದ್ರೆ ನೋಡ್ಕೋತೀನಿ ಅನ್ನುತ್ತಾನೆ. ಅದು ಸುಲಿಗೆ. ಲಂಚದಲ್ಲಿ ನಿಮಗೆ ಸಿಗಬೇಕಾದ ಕೆಲಸವನ್ನು ಸರ್ಕಾರಿ ಕುರ್ಚಿಯಲ್ಲಿ ಕೂತವನು ತಡೆಹಿಡಿದಿರುತ್ತಾನೆ, ಅದಕ್ಕೆ ಬೇರೆಯದೇ ಕಾನೂನಿದೆ. ಜಾಮೀನು ಹಣಕ್ಕೂ ಒತ್ತೆಹಣಕ್ಕೂ ಸಂಬಂಧವೇ ಇಲ್ಲ, ಅದು ಕೋರ್ಟಿಗೆ ಕೊಡುವ ಭರವಸೆ, ಆರೋಪಿ ಹೇಳಿದ ದಿನ ಹಾಜರಾದರೆ ಆ ಹಣ ಉಳಿಯುತ್ತದೆ. ಬ್ಲ್ಯಾಕ್‌ಮೇಲ್ ಮಾತ್ರ ತೀರಾ ಹತ್ತಿರ ಬರುತ್ತದೆ. ನಿಮ್ಮ ಫೋಟೋ ಒಬ್ಬನ ಹತ್ತಿರ ಇದೆ, ದುಡ್ಡು ಹಾಕು, ಇಲ್ಲಾಂದ್ರೆ ಎಲ್ಲರಿಗೂ ಕಳಿಸುತ್ತೇನೆ ಅನ್ನುತ್ತಾನೆ. ಆದರೆ ಫೋಟೋವನ್ನು ವಾಪಸ್ ಪಡೆಯುವುದು ಅನ್ನೋದೇ ಇಲ್ಲ, ಅವನ ಹತ್ತಿರ ಹತ್ತು ಪ್ರತಿ ಇರಬಹುದು. ಅದಕ್ಕೇ ಒಮ್ಮೆ ಕೊಟ್ಟವರ ಹತ್ತಿರ ಮತ್ತೆ ಮತ್ತೆ ಕೇಳುತ್ತಾರೆ.

ಕಾನೂನು ಏನು ಹೇಳುತ್ತದೆ ಅನ್ನೋದನ್ನು ಸರಿಯಾಗಿ ನೋಡೋಣ. ಹಳೆಯ ಐಪಿಸಿಯಲ್ಲಿ 1993ರ ತನಕ ಒತ್ತೆಹಣದ ಅಪಹರಣಕ್ಕೇ ಅಂತ ಪ್ರತ್ಯೇಕ ಕಲಂ ಇರಲಿಲ್ಲ. ಆ ವರ್ಷ 364-ಎ ಸೇರಿಸಿದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅದೇ 140ನೇ ಕಲಮಿನ 2ನೇ ಉಪಕಲಂ ಆಗಿದೆ. ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿ, ಜೊತೆಗೆ ದಂಡ. ಸುಲಿಗೆಗೆ 308ನೇ ಕಲಂ ಇದೆ, ಅದರಲ್ಲಿ ಸಾಮಾನ್ಯ ಸುಲಿಗೆಗೆ 7 ವರ್ಷದ ತನಕ ಜೈಲು. ಫರಕು ಎಷ್ಟು ದೊಡ್ಡದು ನೋಡಿ. ಎರಡರಲ್ಲೂ ಹೆದರಿಸಿ ದುಡ್ಡು ಕೇಳುತ್ತಾರೆ, ಆದರೆ ಒಂದರಲ್ಲಿ ಮನುಷ್ಯನ ಜೀವ ಅವರ ಕೈಯಲ್ಲಿರುತ್ತದೆ.

ಶಿಕ್ಷೆ ಇಷ್ಟು ಕಠಿಣ ಇರುವುದರಿಂದಲೇ ಕೋರ್ಟುಗಳು ಒಂದೊಂದು ಅಂಶವನ್ನೂ ಬಿಡಿಬಿಡಿಯಾಗಿ ನೋಡುತ್ತವೆ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಪ್ರಕರಣ ನಮ್ಮ ಪಕ್ಕದ ಹೈದರಾಬಾದಿನದು. ಒಬ್ಬ ಆಟೋ ಡ್ರೈವರ್ ಶಾಲೆಗೆ ಹೋಗುವ ಹುಡುಗನನ್ನು ಎತ್ತಿಕೊಂಡು ಹೋಗಿ, ತಂದೆಗೆ ಫೋನ್ ಮಾಡಿ 2 ಲಕ್ಷ ಕೇಳಿದ್ದ. ಕೆಳಗಿನ ಕೋರ್ಟು ಜೀವಾವಧಿ ಕೊಟ್ಟಿತ್ತು. ಸುಪ್ರೀಂ ಕೋರ್ಟು ಸಾಕ್ಷಿಗಳನ್ನು ನೋಡಿತು. ಹುಡುಗನನ್ನು ಅಪಹರಿಸಿದ್ದು ನಿಜ, ದುಡ್ಡು ಕೇಳಿದ್ದೂ ನಿಜ, ಆದರೆ ಕೊಲ್ಲುತ್ತೇನೆ, ಹೊಡೆಯುತ್ತೇನೆ ಅಂತ ಬೆದರಿಸಿದ್ದಕ್ಕೆ ಪುರಾವೆ ಇಲ್ಲ, ತನ್ನನ್ನು ಚೆನ್ನಾಗಿ ನೋಡಿಕೊಂಡರು ಅಂತ ಹುಡುಗನೇ ಹೇಳಿದ್ದಾನೆ. ಹಾಗಾಗಿ 364-ಎ ತೆಗೆದು, ಬರೀ ಅಪಹರಣದ ಕಲಮಿನಡಿ 7 ವರ್ಷ ಜೈಲು ಅಂತ ಬದಲಾಯಿಸಿತು. ದುಡ್ಡು ಕೇಳಿದ ಮಾತ್ರಕ್ಕೆ ಈ ಕಲಂ ಹತ್ತುವುದಿಲ್ಲ, ಬೆದರಿಕೆಯೋ ಜೀವಭಯ ಹುಟ್ಟಿಸುವ ನಡತೆಯೋ ಸಾಬೀತಾಗಬೇಕು ಅನ್ನೋದು ಅದರ ಅರ್ಥ. ಮಗನನ್ನು ಕಳೆದುಕೊಂಡು ಕೂತಿದ್ದ ತಂದೆಯ ಜಾಗದಲ್ಲಿ ನಿಂತು ನೋಡಿದರೆ ಈ ತೀರ್ಪು ಕಹಿ ಅನ್ನಿಸುತ್ತದೆ. ಆದರೆ ಗಲ್ಲು ಶಿಕ್ಷೆಯವರೆಗೆ ಹೋಗುವ ಕಲಂ ಹಚ್ಚುವಾಗ ಇಷ್ಟು ಬಿಗಿ ಇರಲೇಬೇಕು ಅಂತ ನನಗೆ ಅನ್ನಿಸುತ್ತದೆ. ಇದರಿಂದ ನಮಗೆ ಸಿಗುವ ಉಪಯೋಗದ ಮಾತೂ ಒಂದಿದೆ. ಅಂಥ ಕರೆ ಬಂದರೆ ಅವರು ಏನಂದರು ಅನ್ನೋದನ್ನು ರೆಕಾರ್ಡ್ ಮಾಡಿಕೊಳ್ಳಿ, ಆಗದಿದ್ದರೆ ಅದೇ ಮಾತಿನಲ್ಲಿ ಚೀಟಿಯಲ್ಲಿ ಬರೆದುಕೊಳ್ಳಿ. ಕೇಸು ನಿಲ್ಲುವುದು ಆ ಮಾತುಗಳ ಮೇಲೆಯೇ.

ಇನ್ನೊಂದು ವಿಷಯ, ಕೇಳುವುದು ದುಡ್ಡೇ ಆಗಿರಬೇಕಿಲ್ಲ. ಕಲಮಿನಲ್ಲೇ ಹಾಗೆ ಇದೆ: ಒಂದು ಕೆಲಸ ಮಾಡು ಅಂತಲೋ, ಮಾಡಬೇಡ ಅಂತಲೋ ಸರ್ಕಾರವನ್ನಾಗಲಿ ಯಾರನ್ನಾಗಲಿ ಒತ್ತಾಯಿಸಿದರೂ ಅದೇ ಅಪರಾಧ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಎತ್ತಿಕೊಂಡು ಹೋದ. ಅವರು ಬಿಡುಗಡೆಯಾಗಿದ್ದು ನವೆಂಬರ್ 15ಕ್ಕೆ, 108 ದಿನ. ಅವನು ಇಟ್ಟ ಬೇಡಿಕೆಗಳಲ್ಲಿ ಕಾವೇರಿ ಇತ್ತು, ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆ ಇತ್ತು, ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯಡಿ ಜೈಲಿನಲ್ಲಿದ್ದವರ ಬಿಡುಗಡೆ ಇತ್ತು. ಸರ್ಕಾರ ಟಾಡಾ ಆರೋಪ ಹಿಂತೆಗೆಯಲು ಹೊರಟಾಗ, ವೀರಪ್ಪನ್ ಕೈಯಲ್ಲಿ ಸತ್ತ ಒಬ್ಬ ಎಸ್‌ಐ ಅವರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ಆ ಹೆಜ್ಜೆಯನ್ನು ತಡೆಯಿತು. ಒಂದು ಕಡೆ ಇಡೀ ನಾಡು ಅಣ್ಣಾವ್ರು ಬರಲಿ ಅಂತ ಉಸಿರು ಬಿಗಿಹಿಡಿದು ಕೂತಿತ್ತು. ಇನ್ನೊಂದು ಕಡೆ, ಇವರನ್ನು ಬಿಟ್ಟರೆ ನನ್ನ ಮಗ ಸತ್ತಿದ್ದಕ್ಕೆ ಏನು ಬೆಲೆ ಅಂತ ಒಬ್ಬ ತಂದೆ. ಇಬ್ಬರದೂ ಸರಿಯೇ. ಒತ್ತೆ ಇಟ್ಟುಕೊಳ್ಳುವವನ ನಿಜವಾದ ಬಲ ಇದೇ, ತಪ್ಪೇ ಮಾಡದವರನ್ನು ಒಬ್ಬರ ಎದುರು ಒಬ್ಬರನ್ನು ನಿಲ್ಲಿಸುತ್ತಾನೆ.

ಎರಡು ವರ್ಷದ ಮೇಲೆ, 2002ರ ಆಗಸ್ಟ್‌ನಲ್ಲಿ, ಅದೇ ವೀರಪ್ಪನ್ ಮಾಜಿ ಮಂತ್ರಿ ಎಚ್. ನಾಗಪ್ಪ ಅವರನ್ನು ಕೊಳ್ಳೇಗಾಲದ ಹತ್ತಿರ ಕಾಮಗೆರೆಯಿಂದ ಎತ್ತಿಕೊಂಡು ಹೋದ. ಡಿಸೆಂಬರ್‌ನಲ್ಲಿ ಸಿಕ್ಕಿದ್ದು ಅವರ ಶವ.

ಕೊಟ್ಟರೂ ಮಾತು ಉಳಿಯುತ್ತದೆ ಅಂತ ಹೇಳಲಾಗದು ಅನ್ನೋದಕ್ಕೆ ಚರಿತ್ರೆಯಲ್ಲಿ ಇಂಕಾ ದೊರೆ ಅತಾಹುವಾಲ್ಪನ ಕಥೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1532ರಲ್ಲಿ ಸ್ಪೇನಿನ ಪಿಜಾರೋ ಅವನನ್ನು ಸೆರೆ ಹಿಡಿದ. ಒಂದು ಕೋಣೆಯನ್ನು ಒಮ್ಮೆ ಬಂಗಾರದಿಂದ, ಎರಡು ಸಲ ಬೆಳ್ಳಿಯಿಂದ ತುಂಬಿಸಿಕೊಡುತ್ತೇನೆ ಅಂತ ದೊರೆ ಒಪ್ಪಿಕೊಂಡ. ತಿಂಗಳುಗಟ್ಟಲೆ ಬಂಗಾರ ಹರಿದು ಬಂತು. ಎಲ್ಲ ತಗೊಂಡು 1533ರಲ್ಲಿ ಅವನನ್ನು ಕೊಂದರು. ಆದರೆ ಅದಕ್ಕೂ ಮುನ್ನೂರು ವರ್ಷಕ್ಕೂ ಹಿಂದೆ ಯುರೋಪಿನಲ್ಲಿ ದೊರೆಗಳ ನಡುವೆ ಮಾತು ಉಳಿಸಿಕೊಂಡದ್ದೂ ಉಂಟು. ಇಂಗ್ಲೆಂಡಿನ ರಿಚರ್ಡ್ ದೊರೆ 1192ರಲ್ಲಿ ಆಸ್ಟ್ರಿಯಾದಲ್ಲಿ ಸಿಕ್ಕಿಬಿದ್ದಾಗ 1,50,000 ಮಾರ್ಕ್ ಬೆಳ್ಳಿ ಕೇಳಿದರು, ಪ್ರಜೆಗಳ ಆದಾಯದ ಕಾಲು ಭಾಗ ತೆರಿಗೆ ಹಾಕಿ ಹೆಚ್ಚಿನ ಪಾಲು ಕೂಡಿಸಿದರು, 1194ರಲ್ಲಿ ಅವನು ಹೊರಗೆ ಬಂದ. ದೊರೆ ಹೊರಗೆ ಬಂದ, ಸರಿ, ಆದರೆ ಯುದ್ಧವನ್ನೇ ಕಾಣದ ರೈತನ ಮನೆಯ ಬೆಳ್ಳಿ ಹೋಯಿತು.

ಇಷ್ಟೆಲ್ಲ ದೂರ ಹೋಗಬೇಕಿಲ್ಲ. ಒತ್ತೆ ಇಟ್ಟುಕೊಳ್ಳುವ ಚಾಳಿ ನಮ್ಮ ನಿತ್ಯದ ಬದುಕಿನಲ್ಲೂ ಇದೆ, ಅದಕ್ಕೆ ನಾವು ಆ ಹೆಸರು ಕೊಡುವುದಿಲ್ಲ ಅಷ್ಟೇ. ಕಲಬುರಗಿಗೆ ಓದಲು ಬಂದ ಹುಡುಗಿ ಮೊದಲ ವರ್ಷದ ಮಧ್ಯದಲ್ಲಿ ಬೇರೆ ಕಾಲೇಜಿನಲ್ಲಿ ಸೀಟು ಸಿಕ್ಕಿತು ಅಂತ ಬಿಡಲು ಹೋಗುತ್ತಾಳೆ ಅಂದುಕೊಳ್ಳಿ. ಕಾಲೇಜಿನವರು ಅವಳ ಹತ್ತನೆಯ, ಪಿಯುಸಿಯ ಅಸಲಿ ಅಂಕಪಟ್ಟಿ ಕಪಾಟಿನಲ್ಲಿಟ್ಟುಕೊಂಡು, ಉಳಿದ ವರ್ಷಗಳ ಫೀಸೂ ಕಟ್ಟಿ ತಗೊಂಡು ಹೋಗಿ ಅನ್ನುತ್ತಾರೆ. ಕೈಯಲ್ಲಿ ಅವಳ ವಸ್ತು, ಕೊಡದಿದ್ದರೆ ವರ್ಷ ಹಾಳು, ಕೊಟ್ಟರೆ ವಾಪಸ್. ಕಾನೂನಿನ ಲೆಕ್ಕದಲ್ಲಿ ಇದು ಒತ್ತೆಹಣ ಅಲ್ಲ, ನಡತೆ ಮಾತ್ರ ಅದರದ್ದೇ. ಕಾಲೇಜುಗಳು ಅಸಲಿ ಪ್ರಮಾಣಪತ್ರ ಇಟ್ಟುಕೊಳ್ಳುವಂತಿಲ್ಲ, ನೋಡಿ, ಪರಿಶೀಲಿಸಿ ವಾಪಸ್ ಕೊಡಬೇಕು ಅಂತ ಯುಜಿಸಿ 2018ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ಇದು ಗೊತ್ತಿಲ್ಲದೆ ಎಷ್ಟೋ ತಂದೆತಾಯಿ ಸಾಲ ಮಾಡಿ ಕಟ್ಟಿಬಿಡುತ್ತಾರೆ. ಪಾಪ, ಅವರಿಗೆ ಯಾರು ಹೇಳಬೇಕು?

ಆಸ್ಪತ್ರೆ ಬಿಲ್ಲು ಕಟ್ಟುವ ತನಕ ಶವ ಕೊಡುವುದಿಲ್ಲ ಅನ್ನೋದೂ ಇದೇ ಜಾತಿಯದು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ, ಬಾಕಿ ಕಟ್ಟಿಯೇ ಶವ ಒಯ್ಯಿರಿ ಅಂತ ಹಟ ಹಿಡಿಯುವಂತಿಲ್ಲ ಅಂತ ಸೇರಿಸಿದ್ದಾರೆ. ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬಹುದು, ಶವವನ್ನು ಅದಕ್ಕೆ ಒತ್ತೆ ಇಟ್ಟುಕೊಳ್ಳುವಂತಿಲ್ಲ.

ಯಾದಗಿರಿ, ಸುರಪುರ, ಶಹಾಪುರ ಕಡೆಯಿಂದ ಕೆಲಸಕ್ಕೆ ಗುಳೆ ಹೋಗುವವರ ವಿಷಯ ಇನ್ನೂ ಗಂಭೀರ. ಮುಂಗಡ ತಗೊಂಡು ಇಟ್ಟಿಗೆ ಭಟ್ಟಿಗೋ ಕಬ್ಬು ಕಡಿಯಲೋ ಹೋಗಿರುತ್ತಾರೆ. ಮಧ್ಯದಲ್ಲಿ ಒಬ್ಬ ವಾಪಸ್ ಬಂದರೆ, ಮುಂಗಡ ತೀರುವ ತನಕ ಹೆಂಡತಿ ಮಕ್ಕಳು ಇಲ್ಲೇ ಇರಲಿ ಅನ್ನೋ, ಕೂಲಿಗಳನ್ನು ಕರೆದೊಯ್ಯುವ ಮುಕದ್ದಮ್‌ಗಳು ಇದ್ದಾರೆ. ನಾನು ಕೊಟ್ಟ ದುಡ್ಡನ್ನೇ ಕೇಳ್ತಿದೀನಿ, ಇದರಲ್ಲಿ ತಪ್ಪೇನು ಅಂತ ಅವನ ವಾದ. ತಪ್ಪಿದೆ. ಸಾಲ ನಿಜವೇ ಆಗಿದ್ದರೂ ಅದಕ್ಕಾಗಿ ಮನುಷ್ಯರನ್ನು ಕೂಡಿಹಾಕುವಂತಿಲ್ಲ. ಸಾಲ ವಸೂಲಿಗೆ ಅಂತ ಕೂಡಿಹಾಕುವುದಕ್ಕೆ ನ್ಯಾಯ ಸಂಹಿತೆಯ 127ನೇ ಕಲಮಿನಲ್ಲಿ ಬೇರೆಯಾಗಿಯೇ ಶಿಕ್ಷೆ ಇದೆ, ಅದರ ಮೇಲೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೂ ಹತ್ತುತ್ತದೆ. ಅಂಥವರನ್ನು ಬಿಡಿಸುವ ಅಧಿಕಾರ ಜಿಲ್ಲಾಡಳಿತಕ್ಕೆ ಇದೆ, ಡಿಸಿ ಅಥವಾ ಎಸಿ ಕಚೇರಿಗೆ ಒಂದು ಅರ್ಜಿ ಕೊಟ್ಟರೂ ಅವರು ಕ್ರಮ ತಗೊಳ್ಳಲೇಬೇಕು. ಬಿಡಿಸಿಕೊಂಡು ಬಂದ ಮೇಲೆ ಆ ಮುಂಗಡವನ್ನು ತೀರಿಸಬೇಕಾಗಿಯೂ ಇಲ್ಲ, ಜೀತಸಾಲ ಅಂತ ತೀರ್ಮಾನವಾದರೆ ಅದನ್ನು ಕಾನೂನೇ ಅಳಿಸಿಹಾಕುತ್ತದೆ.

ಈಗ ಕಂಪ್ಯೂಟರಿಗೆ ಬರೋಣ. ಕಲಬುರಗಿ ಗಂಜ್‌ನ ಒಂದು ದಾಲ್ ಮಿಲ್ಲಿನ ಲೆಕ್ಕದ ಕಂಪ್ಯೂಟರ್ ಅಂದುಕೊಳ್ಳಿ. ಹಿಂದಿನ ದಿನ ಯಾರೋ ದುಡ್ಡು ಉಳಿಸಲು ಟೆಲಿಗ್ರಾಮ್‌ನಿಂದ ಒಂದು ಕ್ರ್ಯಾಕ್ (ಲೈಸೆನ್ಸ್ ಇಲ್ಲದ ಕಳ್ಳಪ್ರತಿ) ಸಾಫ್ಟ್‌ವೇರ್ ಇಳಿಸಿ ಹಾಕಿದ್ದಾರೆ. ಹಾಕುವಾಗ ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಅಂತ ಪರದೆ ಮೇಲೆ ಕಾಣಿಸಿತ್ತು, ಅದು ಸುಳ್ಳು ಪರದೆ. ಬೆಳಿಗ್ಗೆ ಮುನೀಮರು ಬಂದು ತೆರೆದರೆ ತೊಗರಿ ಖರೀದಿಯ ಲೆಕ್ಕ, ಜಿಎಸ್‌ಟಿ ಫೈಲು, ಮಗಳ ಮದುವೆ ಫೋಟೋ, ಎಲ್ಲದರ ಗುರುತು ಹೋಗಿ ಬಿಳಿ ಹಾಳೆಯ ಚಿತ್ರ ಆಗಿದೆ. ಹೆಸರಿನ ಬಾಲಕ್ಕೆ ನಾಲ್ಕು ಅರ್ಥವಿಲ್ಲದ ಅಕ್ಷರ ಅಂಟಿಕೊಂಡಿದೆ. ಪ್ರತಿ ಫೋಲ್ಡರಿನಲ್ಲೂ ರೀಡ್‌ಮೀ ಅನ್ನೋ ಒಂದು ಪುಟ್ಟ ಟೆಕ್ಸ್ಟ್ ಫೈಲು. ಅದರಲ್ಲಿ: ನಿಮ್ಮ ಫೈಲುಗಳಿಗೆ ಕೀಲಿ ಹಾಕಿದ್ದೇವೆ, ಕೀಲಿಕೈ ಬೇಕಾದರೆ 980 ಡಾಲರ್, 72 ಗಂಟೆಯೊಳಗೆ ಬಂದರೆ ಅರ್ಧ ಬೆಲೆ, 490 ಡಾಲರ್. ನಂಬಿಕೆ ಬರದಿದ್ದರೆ ಒಂದು ಫೈಲು ಕಳಿಸಿ, ಪುಕ್ಕಟೆ ಬಿಡಿಸಿ ತೋರಿಸುತ್ತೇವೆ.

ಇದು ನಾನು ಕಟ್ಟಿದ ಕಾಗದ ಅಲ್ಲ. ಸ್ಟಾಪ್ ಅಥವಾ ಡಿಜೆವು ಅಂತ ಕರೆಯುವ, ಫೈಲುಗಳಿಗೆ ಕೀಲಿ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್ ಬಿಟ್ಟು ಹೋಗುವ ಕಾಗದದ ಒಕ್ಕಣೆಯೇ ಹೀಗಿರುತ್ತದೆ. ಕ್ರ್ಯಾಕ್ ಸಾಫ್ಟ್‌ವೇರ್ ಜೊತೆಗೇ ಅದು ಬರುತ್ತದೆ, ದೊಡ್ಡ ಕಂಪನಿಗಳಿಗಿಂತ ಜಾಸ್ತಿ ಹೊಡೆತ ಬೀಳುವುದು ಮನೆ, ಫೋಟೋ ಸ್ಟುಡಿಯೋ, ಡಿಟಿಪಿ ಅಂಗಡಿಗಳಿಗೆ. 490 ಡಾಲರ್ ಅಂದರೆ ನಲವತ್ತು ಸಾವಿರ ರೂಪಾಯಿಗೂ ಮೇಲೆ. ಆ ಕಾಗದವನ್ನು ನಿಧಾನವಾಗಿ ಓದಿದರೆ ಮನುಷ್ಯರ ಅಪಹರಣದ ಪಟ್ಟು ಒಂದೊಂದೂ ಅದರಲ್ಲಿ ಕಾಣುತ್ತದೆ. ಗಡುವು ಕೊಟ್ಟು ಯೋಚಿಸಲು ಬಿಡದಿರುವುದು ಒಂದು. ಒಂದು ಫೈಲು ಬಿಡಿಸಿ ತೋರಿಸುವುದು ಅಂದರೆ, ಅಪಹರಣಕಾರರು ಮಗನ ದನಿ ಒಂದು ನಿಮಿಷ ಕೇಳಿಸುತ್ತಾರಲ್ಲ, ಅದೇ.

ಇದರಲ್ಲಿ ಹೊಸದೇನು ಅಂದರೆ, ಕದ್ದ ವಸ್ತುವನ್ನು ಎಲ್ಲೂ ಒಯ್ಯಬೇಕಾಗಿಲ್ಲ. ಫೈಲು ನಿಮ್ಮ ಡಿಸ್ಕಿನಲ್ಲೇ ಇರುತ್ತದೆ, ತೆರೆಯುವ ಕೀಲಿಕೈ ಮಾತ್ರ ಅವರ ಹತ್ತಿರ. ಕೀಲಿ ಹಾಕುವ ಸಂಕೇತ ಒಂದು, ತೆಗೆಯುವ ಸಂಕೇತ ಇನ್ನೊಂದು, ಮೊದಲನೆಯದು ಗೊತ್ತಿದ್ದರೂ ಎರಡನೆಯದನ್ನು ಲೆಕ್ಕ ಹಾಕಿ ಕಂಡುಹಿಡಿಯಲು ಆಗುವುದಿಲ್ಲ. ಈ ದಂಧೆಯ ಮೊದಲ ಮಾದರಿ 1989ರಲ್ಲೇ ಬಂದಿತ್ತು, ಫ್ಲಾಪಿ ಡಿಸ್ಕ್ ಅಂಚೆಯಲ್ಲಿ ಕಳಿಸಿ, ಪನಾಮಾದ ಒಂದು ಪೋಸ್ಟ್ ಬಾಕ್ಸಿಗೆ 189 ಡಾಲರ್ ಕಳಿಸಿ ಅಂತ ಕೇಳಿದ್ದರು. ಅದು ಬೆಳೆಯಲಿಲ್ಲ, ಯಾಕೆಂದರೆ ದುಡ್ಡು ತಗೊಳ್ಳಲು ಹೋದವನು ಸಿಕ್ಕಿಬೀಳುತ್ತಾನೆ. ಅಪಹರಣದಲ್ಲೂ ಪೊಲೀಸರು ಕಾಯುವುದು ದುಡ್ಡು ಕೈ ಬದಲಾಯಿಸುವ ಆ ಕ್ಷಣಕ್ಕೇ. ಬಿಟ್‌ಕಾಯಿನ್ ಅನ್ನೋ, ಹೆಸರು ಹೇಳದೆ ನೆಟ್‌ನಲ್ಲೇ ಕಳಿಸಬಹುದಾದ ಹಣ ಬಂದ ಮೇಲೆ ಆ ಹೆದರಿಕೆ ಕಡಿಮೆಯಾಯಿತು. 2017ರ ಮೇ 12ರಂದು ವಾನ್ನಾಕ್ರೈ ಅನ್ನೋದು ಹರಡಿ, 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮೇಲೆ ಕಂಪ್ಯೂಟರ್ ಹಿಡಿಯಿತು, ಒಂದೊಂದಕ್ಕೆ 300 ಡಾಲರ್ ಕೇಳಿತು. 2022ರ ನವೆಂಬರ್‌ನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ನಿಂತು, ಓಪಿಡಿ ಚೀಟಿಯನ್ನೂ ಕೈಯಲ್ಲಿ ಬರೆಯಬೇಕಾಯಿತು. 2024ರ ಜುಲೈ ಕೊನೆಗೆ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದು ಕಂಪನಿಗೆ ಹೊಡೆತ ಬಿದ್ದು, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ಸೇವೆ ತಾತ್ಕಾಲಿಕವಾಗಿ ನಿಂತಿತು.

ಹಾಗಾದರೆ ಮುನೀಮರು ಏನು ಮಾಡಬೇಕು? ಮೊದಲು ನೆಟ್ ತಂತಿ ಕೀಳಬೇಕು, ವೈಫೈ ಆರಿಸಬೇಕು, ಹಚ್ಚಿದ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ತೆಗೆಯಬೇಕು. ಫಾರ್ಮ್ಯಾಟ್ ಹೊಡೆಯುವ ಆತುರ ಬೇಡ, ಕೀಲಿ ಬಿದ್ದ ಫೈಲುಗಳನ್ನೂ ಆ ಕಾಗದವನ್ನೂ ಹಾಗೇ ಇಟ್ಟುಕೊಳ್ಳಿ. ಯುರೋಪಿನ ಪೊಲೀಸರು ಮತ್ತು ಕೆಲವು ಭದ್ರತಾ ಕಂಪನಿಗಳು ಸೇರಿ 2016ರಿಂದ ನಡೆಸುತ್ತಿರುವ 'ನೋ ಮೋರ್ ರ್‍ಯಾನ್ಸಮ್' ಅನ್ನೋ ತಾಣ ಇದೆ, ಕೀಲಿ ಬಿದ್ದ ಒಂದು ಫೈಲು ಹಾಕಿದರೆ ಯಾವ ಜಾತಿಯದು, ಬಿಡಿಸುವ ಸಾಧನ ಇದೆಯಾ ಅಂತ ಪುಕ್ಕಟೆ ಹೇಳುತ್ತದೆ. ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಸ್ಟಾಪ್ ಜಾತಿಯದು ಫೈಲಿನ ಮೊದಲ ಸುಮಾರು 150 ಕೆಬಿಯನ್ನು ಮಾತ್ರ ಕೆಡಿಸುತ್ತದೆ, ಹಾಗಾಗಿ ಮದುವೆ ವಿಡಿಯೋದಂಥ ದೊಡ್ಡ ಫೈಲುಗಳು ರಿಪೇರಿಯಾಗುವ ಸಾಧ್ಯತೆ ಇರುತ್ತದೆ. ಎಕ್ಸೆಲ್ ಶೀಟು, ಸಣ್ಣ ಫೋಟೋ ಕಷ್ಟ. ದುಡ್ಡು ಕೊಟ್ಟರೆ ಕೀಲಿಕೈ ಸಿಗಬಹುದು, ಸಿಗದೇ ಇರಬಹುದು. ಕೊಡಬೇಡಿ ಅಂತಲೇ ನನ್ನ ಮಾತು, ಆದರೆ ಮಿಲ್ಲಿನ ಇಡೀ ವರ್ಷದ ಲೆಕ್ಕ ಹೋದವನ ಎದುರು ಕೂತು ಆ ಮಾತು ಹೇಳುವುದು ಸುಲಭವಲ್ಲ ಅಂತಲೂ ಗೊತ್ತು. ಅದಕ್ಕೇ ವಾರಕ್ಕೊಮ್ಮೆ ಒಂದು ಹಾರ್ಡ್‌ಡಿಸ್ಕಿಗೆ ನಕಲು ಇಳಿಸಿ, ಇಳಿಸಿದ ಮೇಲೆ ತಂತಿ ಕಿತ್ತು ಬೇರೆ ಕಡೆ ಇಡಿ. ಹಚ್ಚಿಯೇ ಇಟ್ಟ ಹಾರ್ಡ್‌ಡಿಸ್ಕಿಗೂ ಕೀಲಿ ಬೀಳುತ್ತದೆ.

ಕೊನೆಗೆ, ಈಗ ನಮ್ಮ ಜಿಲ್ಲೆಗಳಲ್ಲಿ ಮನೆಮನೆಗೆ ಬರುವ ಕರೆಗಳ ಮಾತು. ಮಗ ಬೆಂಗಳೂರಲ್ಲೋ ಪುಣೆಯಲ್ಲೋ ಹೈದರಾಬಾದಲ್ಲೋ ಇರುತ್ತಾನೆ. ಮಧ್ಯಾಹ್ನ ವಾಟ್ಸಾಪ್ ಕರೆ, ಡಿಪಿಯಲ್ಲಿ ಪೊಲೀಸ್ ಸಮವಸ್ತ್ರ, ಹಿಂದಿಯಲ್ಲಿ ಮಾತು. ನಿಮ್ಮ ಮಗ ಕೇಸಿನಲ್ಲಿ ಸಿಕ್ಕಿಬಿದ್ದಿದ್ದಾನೆ ಅಂತಲೋ, ನಮ್ಮ ಕೈಯಲ್ಲಿದ್ದಾನೆ ಅಂತಲೋ ಹೇಳುತ್ತಾರೆ. ಹಿಂದಿನಿಂದ ಒಬ್ಬ ಹುಡುಗ 'ಮಮ್ಮೀ' ಅಂತ ಅಳುವ ದನಿ. ಅಳುವಾಗ ಎಲ್ಲ ಮಕ್ಕಳ ದನಿಯೂ ಒಂದೇ ಥರ ಕೇಳುತ್ತದೆ, ಈಗಂತೂ ದನಿಯನ್ನೇ ನಕಲು ಮಾಡುವ ಸಾಫ್ಟ್‌ವೇರ್ ಇದೆ. ಮೇಲೆ ಹೇಳಿದ ಮೂರು ಸಂಗತಿಯಲ್ಲಿ ಮೊದಲನೆಯದೇ ಇಲ್ಲಿ ಇಲ್ಲ: ಅವರ ಕೈಯಲ್ಲಿ ಏನೂ ಇಲ್ಲ. ಮಗ ಕ್ಲಾಸಿನಲ್ಲಿ ಫೋನ್ ಸೈಲೆಂಟ್ ಮಾಡಿ ಕೂತಿರುತ್ತಾನೆ. ಅದಕ್ಕೇ ಕರೆ ಕಟ್ ಮಾಡಬೇಡಿ, ಯಾರಿಗೂ ಹೇಳಬೇಡಿ ಅಂತ ಅವರು ಅಷ್ಟು ಒತ್ತಿ ಹೇಳುವುದು. ಕಟ್ ಮಾಡಿ ಮಗನಿಗೆ ಫೋನ್ ಹಚ್ಚಿದರೆ ಅವರ ಆಟ ಅಲ್ಲಿಗೇ ಮುಗಿಯಿತು. 'ಡಿಜಿಟಲ್ ಅರೆಸ್ಟ್' ಅನ್ನೋದೂ ಇದರ ಅಣ್ಣತಮ್ಮನೇ, ಅಲ್ಲಿ ನಿಮ್ಮನ್ನೇ ನಿಮ್ಮ ಮನೆಯಲ್ಲಿ ಒತ್ತೆಯಾಳು ಮಾಡಿ ಕೂರಿಸುತ್ತಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ.

ಮನೆಯಲ್ಲಿ ಅವ್ವ, ಕಾಕಾ, ಅಜ್ಜಿ ಯಾರೇ ಇರಲಿ, ಮಗನ ನಂಬರ್ ಅಲ್ಲದೆ ರೂಮಿನಲ್ಲಿರುವ ಇಬ್ಬರ, ಹಾಸ್ಟೆಲ್ ವಾರ್ಡನ್‌ರ ನಂಬರನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಡಿ. ಮಗ ಎತ್ತದಿದ್ದರೆ ಅವರಿಗೆ ಹಚ್ಚಿ. ಕರೆ ಮಾಡಿದವನಿಗೆ, ಅವನ ಅಜ್ಜನ ಹೆಸರು ಕೇಳಿ ಹೇಳು ಅನ್ನಿ.

ಒಂದು ವೇಳೆ ನಿಜವಾಗಿಯೂ ಮಗು ಕಾಣೆಯಾಗಿದ್ದರೆ 112ಕ್ಕೆ ಹಚ್ಚಿ, ತಡ ಮಾಡಬೇಡಿ. ಪೊಲೀಸರಿಗೆ ಹೇಳಿದರೆ ಕೊಲ್ಲುತ್ತೇವೆ ಅಂತ ಅವರು ಅನ್ನುತ್ತಾರೆ, ಹೆಚ್ಚುಕಡಿಮೆ ಪ್ರತಿ ಪ್ರಕರಣದಲ್ಲೂ ಅನ್ನುತ್ತಾರೆ. ಒತ್ತೆಹಣದ ಅಪಹರಣ ಗೊತ್ತಾದರೆ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಂ ಹೇಳುತ್ತದೆ. ಅಪಹರಣಕಾರರ ಜೊತೆ ಜಗಳ ಬೇಡ, ದುಡ್ಡು ಕೂಡಿಸುತ್ತಿದ್ದೇವೆ, ಹೊತ್ತು ಬೇಕು ಅನ್ನಿ, ಮಗುವಿನ ಜೊತೆ ಮಾತಾಡಿಸಿ ಅಂತ ಪ್ರತಿ ಸಲವೂ ಕೇಳಿ. ಫೋನಿನಿಂದ ಏನನ್ನೂ ಅಳಿಸಬೇಡಿ.

ಸುಳ್ಳು ಕರೆಗೆ ಹೆದರಿ ದುಡ್ಡು ಹಾಕಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ, ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹಚ್ಚಿ. ನೀವು ಹಾಕಿದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬೇಗ ಬೇಗ ಸರಿಯುತ್ತದೆ. ಅದು ಎಟಿಎಂನಿಂದ ಹೊರಬೀಳುವ ಮೊದಲು ದೂರು ದಾಖಲಾದರೆ, ಹಣ ಆ ಹೊತ್ತಿಗೆ ಯಾವ ಬ್ಯಾಂಕಿನಲ್ಲಿದೆಯೋ ಅಲ್ಲೇ ತಡೆಹಿಡಿಯುತ್ತಾರೆ. ಎಷ್ಟು ಹಣ, ಎಷ್ಟು ಗಂಟೆಗೆ, ಯಾವ ಆ್ಯಪ್‌ನಿಂದ, ಯುಟಿಆರ್ ನಂಬರ್ ಏನು ಅಂತ ಕೇಳುತ್ತಾರೆ. ಯುಟಿಆರ್ ಅಂದರೆ ಬ್ಯಾಂಕಿನ ಮೆಸೇಜಿನಲ್ಲೋ ಫೋನ್‌ಪೇ ಹಿಸ್ಟರಿಯಲ್ಲೋ ಕಾಣುವ 12 ಅಂಕಿಯ ಸಂಖ್ಯೆ. ಆಮೇಲೆ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ ಲಿಖಿತ ದೂರು ಕೊಡಿ, ತಡೆಹಿಡಿದ ಹಣ ನಿಮ್ಮ ಖಾತೆಗೆ ವಾಪಸ್ ಬರಲು ಆ ದೂರಿನ ಪ್ರತಿ ಬೇಕಾಗುತ್ತದೆ.